ಮಗಳಿಗೆ ಕೇಸರ, ಸೊಸೆಗೆ ಕುಸುಬಿ

ಬೈಲಹೊಂಗಲದ ದೇವಕ್ಕನ ಅಡುಗೆಮನೆಯಲ್ಲಿ, ಗೋಡೆಯ ಗೂಡಿನೊಳಗೆ, ಒಂದೇ ಅಚ್ಚಿನ ಎರಡು ಹಿತ್ತಾಳೆ ಡಬ್ಬಿಗಳಿದ್ದವು. ಒಂದರ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿದಂಥ ತಗ್ಗು, ಇನ್ನೊಂದು ನುಣುಪು. ತಗ್ಗಿನ ಡಬ್ಬಿಯಲ್ಲಿ ಕೇಸರಿ, ನುಣುಪು ಡಬ್ಬಿಯಲ್ಲಿ ಕುಸುಬಿ ಹೂವಿನ ಒಣ ಎಸಳು. ಇದು ದೇವಕ್ಕನ ಅತ್ತೆ ಕಾಡವ್ವನಿಗಿಂತಲೂ ಹಿಂದಿನಿಂದ ಬಂದ ವ್ಯವಸ್ಥೆ. ಕುಸುಬಿ ನೋಡದವರಿಗೆ ಹೇಳುತ್ತೇನೆ: ನಮ್ಮ ಎರೆಹೊಲಗಳಲ್ಲಿ ಬಿಳಿಜೋಳದ ಸುತ್ತ, ದನ ನುಗ್ಗದಿರಲೆಂದು ಬೇಲಿಯ ಹಾಗೆ ಬಿತ್ತುವ ಮುಳ್ಳುಗಿಡ ಅದು. ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಚಳಿಗಾಲದಲ್ಲಿ ಕೆಂಪು-ಹಳದಿ ಹೂವು ಬಿಡುತ್ತದೆ. ಆ ಎಸಳು ಕಿತ್ತು ನೆರಳಲ್ಲಿ ಒಣಗಿಸಿದರೆ, ದೇವರಾಣೆಗೂ, ಎಷ್ಟೋ ಜನರಿಗೆ ಅದಕ್ಕೂ ಕೇಸರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ದೇವಕ್ಕನಿಗೆ ತಿಳಿಯುತ್ತಿತ್ತು. ಆಕೆ ಹುಟ್ಟಿದ್ದು ಸವದತ್ತಿಯ ಹತ್ತಿರ, ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ. ಅಪ್ಪ ಮಲಕಾಜಪ್ಪನದು ಕಾಯಿ, ಕುಂಕುಮ, ಅರಿಷಿಣ ಭಂಡಾರದ ಅಂಗಡಿ. ಬಣ್ಣದ ಗುಡ್ಡೆಗಳ ನಡುವೆಯೇ ಆಡಿ ಬೆಳೆದ ಹುಡುಗಿ. ಯಾವ ಅರಿಷಿಣಕ್ಕೆ ಹಿಟ್ಟು ಬೆರೆತಿದೆ, ಯಾವ ಕುಂಕುಮ ಹಣೆ ಸುಡುತ್ತದೆ ಎಂದು ಮುಟ್ಟಿ ಹೇಳುತ್ತಿದ್ದಳು. ಹುಣ್ಣಿಮೆಗೆ ಬರುವ ಭಕ್ತರಿಗೆ ಪಕ್ಕದ ಅಂಗಡಿಯವನು ‘ಅಸಲಿ ಕಾಶ್ಮೀರಿ ಕೇಸರ’ ಎಂದು ಕಾಗದದ ಪುಡಿಕೆ ಮಾರುವಾಗ, ಈಕೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳಂತೆ. ಅಂಥವಳನ್ನು ತಂದು ಬೈಲಹೊಂಗಲದ ನಿಜಗುಣಪ್ಪನಿಗೆ ಕೊಟ್ಟರು. ನಿಜಗುಣಪ್ಪ ಹತ್ತಿಯ ವ್ಯಾಪಾರಿ, ಬಾಯಿಯಿಂದ ದಿನಕ್ಕೆ ನಾಲ್ಕು ಮಾತು ಉದುರಿದರೆ ಹೆಚ್ಚು. ಮನೆಯ ಮಾತನ್ನೆಲ್ಲ ಆಡುತ್ತಿದ್ದವಳು ಅವನ ಅವ್ವ ಕಾಡವ್ವ.

ಕಾಡವ್ವ ಎಡಗೈಯವಳು. ಸಣ್ಣವಳಿದ್ದಾಗ ಹೊಡೆದು ಬಡಿದು ಬಲಗೈಯಿಂದ ಉಣ್ಣಲು, ಬಡಿಸಲು ಕಲಿಸಿದ್ದರು. ಆದರೆ ಹೊಲದ ಕುಸುಬಿಗೆ, ಗೂಡಿನ ಈ ಡಬ್ಬಿಗಳಿಗೆ ಮಾತ್ರ ಆಕೆಯ ಎಡಗೈಯೇ ಹೋಗುತ್ತಿತ್ತು. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು.

“ಬಲಗೈ ನೀರ ಮುಟ್ಟತೈತಿ, ಹಿಟ್ಟ ಮುಟ್ಟತೈತಿ, ಎಂಜಲಾ ಮುಟ್ಟತೈತಿ. ಕೇಸರಕ್ಕ ಹಸಿ ಕೈ ಅಂದ್ರ ವಿಷ. ಎಡಗೈ ಸುಮ್ಮನ ಕುಂತಿರತೈತಿ, ಒಣಗಿರತೈತಿ.”

ಮಾತು ಸುಳ್ಳಲ್ಲ. ಕೇಸರಿಗೆ ತೇವ ಆಗದು, ಬೆಳಕು ಆಗದು, ಒಲೆಯ ಸೆಕೆ ಆಗದು, ಇಂಗಿನ ನೆರೆಹೊರೆ ಆಗದು. ಕಾಡವ್ವನಿಂದ ದೇವಕ್ಕ ಇದನ್ನೆಲ್ಲ ದೂರ ನಿಂತು ಕಲಿತಳು; ಡಬ್ಬಿ ಮುಟ್ಟಲು ಮಾತ್ರ ಅಪ್ಪಣೆಯಿರಲಿಲ್ಲ. ಅತ್ತೆ ಬದುಕಿರುವ ತನಕ ಡಬ್ಬಿ ಅತ್ತೆಯದು. ಆಕೆ ಸತ್ತ ಮೇಲೆಯೇ ಸೊಸೆಯ ಕೈಗೆ. ಜೀವ ಇರುವಾಗಲೇ ಡಬ್ಬಿ ಕೊಟ್ಟವಳು ಸಾವನ್ನು ಕೂಗಿ ಕರೆದಂತೆ, ಎಂದು ಆ ಮನೆಯ ನಂಬಿಕೆ.

ದೇವಕ್ಕ ಮೊದಲ ಸಲ ಬಸಿರಾದಾಗ ಕಾಡವ್ವ ದಿನಾ ಬೆಳಿಗ್ಗೆ ಹಾಲಿನ ಲೋಟ ತಂದು ಕೊಟ್ಟಳು. ದೇವಕ್ಕ ನೋಡಿದಳು. ಎಸಳು ಬಿದ್ದ ಕೂಡಲೇ ಹಾಲು ಕೆಂಪಾಗಿತ್ತು, ಇಟ್ಟಿಗೆ ತೊಳೆದ ನೀರಿನ ಹಾಗೆ. ನಿಜವಾದ ಕೇಸರಿ ಹಾಗೆ ಅವಸರ ಮಾಡುವುದಿಲ್ಲ. ನಿಧಾನವಾಗಿ ಬಂಗಾರದ ಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಅದೇ ವರ್ಷ ರಾಮದುರ್ಗಕ್ಕೆ ಕೊಟ್ಟಿದ್ದ ನಾದಿನಿಯೂ ಬಸಿರಾಗಿ ತವರಿಗೆ ಬಂದಿದ್ದಳು. ಆಕೆಯ ಲೋಟದಲ್ಲಿ ಬಂಗಾರ, ಈಕೆಯ ಲೋಟದಲ್ಲಿ ಇಟ್ಟಿಗೆ. ದೇವಕ್ಕನ ಕಣ್ಣು ಎರಡೂ ಲೋಟದ ಮೇಲೆ ಓಡಿದ್ದನ್ನು ಕಂಡು ಕಾಡವ್ವ ಮುಚ್ಚುಮರೆ ಏನೂ ಮಾಡಲಿಲ್ಲ.

“ಏನ ನೋಡ್ತಿ? ಮಗಳಿಗೆ ಕೇಸರ, ಸೊಸೀಗೆ ಕುಸಬಿ. ನಮ್ಮನ್ಯಾಗ ಮೊದಲಿಂದ ಹಿಂಗs. ಕುಡಿ.”

ಕುಡಿದಳು. ಬಸುರಿಗೆ ಮಾಡುವ ಕುಬಸದ ಹಸಿರು ಸೀರೆಯ ಮಡಿಕೆ ಮುರಿಯುವ ಮೊದಲೇ, ಏಳನೇ ತಿಂಗಳಲ್ಲಿ, ಕೂಸು ಹೋಯಿತು. ರಕ್ತದ ಒತ್ತಡದ ದೆಸೆಯಿಂದ ಎಂದರು ಡಾಕ್ಟರು. ನಾನೂ ಡಾಕ್ಟರ ಮಾತನ್ನೇ ನಂಬುವವನು. ಹೂವಿನ ಎಸಳಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಆದರೆ ದೇವಕ್ಕನ ಎದುರು ಹೋಗಿ ಆ ಮಾತು ಹೇಳು ಎಂದರೆ ನಾನು ಹೇಳಲಾರೆ. ತನ್ನ ಕೂಸನ್ನು ಆ ಕೆಂಪು ಹಾಲು ತಿಂದಿತು ಎಂದು ಆಕೆ ನಂಬಿದಳು. ಎರಡನೆಯ ಸಲ ಬಸಿರಾದಾಗ ಹಾಲೇ ಮುಟ್ಟದೆ ತವರಿಗೆ ಹೋಗಿ ಕೂತಳು. ಶ್ರೀಶೈಲ ಹುಟ್ಟಿದ.

ಕಾಡವ್ವ ಸತ್ತದ್ದು ತೊಂಬತ್ತಾರನೇ ಇಸವಿಯಲ್ಲಿ, ಒಂದು ಮಧ್ಯಾಹ್ನ, ಒಳಕಲ್ಲಿನ ಪಕ್ಕದ ತನ್ನ ಜಾಗದಲ್ಲಿ ಗೋಡೆಗೆ ಒರಗಿ ಕೂತಲ್ಲೇ. ಪಕ್ಕದಲ್ಲಿ ನೀರು ಕುಡಿದು ಬೋರಲು ಹಾಕಿದ ಲೋಟ ಇತ್ತು. ಯಾವಾಗಲೂ ಆಕೆ ಹಾಗೆಯೇ, ಕುಡಿದ ಲೋಟ ಬೋರಲು ಹಾಕದೆ ಏಳುತ್ತಿರಲಿಲ್ಲ. ಎಡಗೈ ಮುಷ್ಟಿಯಲ್ಲಿ ತಗ್ಗಿನ ಡಬ್ಬಿ ಇತ್ತು. ಮೈ ತೊಳೆಯುವ ಮೊದಲು ಅದನ್ನು ಬಿಡಿಸಲು ಹೋದರೆ ಬರಲೊಲ್ಲದು. ಕಡೆಗೆ ದೇವಕ್ಕನೇ ಕೂತು ಒಂದೊಂದೇ ಬೆರಳು ಬಿಚ್ಚಬೇಕಾಯಿತು. ಒಂದು ಬಿಚ್ಚಿದರೆ ಹಿಂದಿನದು ಮತ್ತೆ ಮಡಚಿಕೊಳ್ಳುತ್ತಿತ್ತು ಎಂದು ಅಲ್ಲಿದ್ದ ಹೆಂಗಸರು ಇವತ್ತಿಗೂ ಹೇಳುತ್ತಾರೆ. ಹೆಂಗಸರು ಒಂದಕ್ಕೆ ಎರಡು ಹೇಳುವುದುಂಟು, ಬಿಡಿ.

ಅವತ್ತಿನ ದುಃಖ ಮುಗಿದ ಮೇಲೆ ದೇವಕ್ಕ ಮೊದಲು ಮಾಡಿದ ಕೆಲಸ, ನುಣುಪು ಡಬ್ಬಿಯ ಕುಸುಬಿಯನ್ನು ಒಲೆಗೆ ಸುರಿದದ್ದು. ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಖಾಲಿಯಾಗಿಯೇ ಮತ್ತೆ ಗೂಡಿನಲ್ಲಿಟ್ಟಳು. ಹೊರಗೆ ಒಗೆಯಬೇಕಿತ್ತು. ಆದರೆ ಹಿತ್ತಾಳೆ ಅಲ್ಲವೇ, ಪಾತ್ರೆ ಒಗೆಯಲು ಯಾವ ಗೃಹಿಣಿಗೆ ಮನಸ್ಸು ಬಂದೀತು? ಒಲೆಯ ಮುಂದೆ ನಿಂತು ಆಣೆ ಮಾಡಿದಳು.

“ನನ್ನ ಸೊಸೀಗೆ ಈ ಕೈಯಿಂದ ಕುಸಬಿ ಮುಟ್ಟಸೂದಿಲ್ಲ. ಮುಟ್ಟಿಸಿದ್ರ ಕೈ ಸೇದಿ ಹೋಗಲಿ.”

ಸೊಸೆ ಬಂದಳು. ರಾಮದುರ್ಗದ ಕಡೆಯ ತೊರಗಲ್ಲಿನ ಹುಡುಗಿ, ಹೆಸರು ಗಂಗಾ. ಮಾತು ಮೆಲ್ಲಗೆ, ಕಣ್ಣು ಚುರುಕು. ಬಸಿರಾದಾಗ ಮನೆಯಲ್ಲಿ ಎಲ್ಲರಿಗಿಂತ ಹಿಗ್ಗಿದವಳು ದೇವಕ್ಕ, ಎಲ್ಲರಿಗಿಂತ ಹೆದರಿದವಳೂ ಅವಳೇ. ಸಂಕ್ರಾಂತಿ ಮುಗಿದ ಮೇಲೆ, ಐದನೇ ತಿಂಗಳು ತುಂಬುತ್ತಿದ್ದಂತೆ, ನಿಜಗುಣಪ್ಪನನ್ನು ಎಬ್ಬಿಸಿಕೊಂಡು ಬೆಳಗಾವಿಗೆ ಹೋದಳು. ಹೊಸ ಮಾಲು ಬರುವ ಕಾಲ ಅದು. ಅಂಗಡಿಯವನು ಮೊದಲು ತೋರಿಸಿದ್ದು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು, ಬೇಡ ಎಂದಳು. ಎರಡನೆಯದರಲ್ಲಿ ಹಳದಿ ಬಾಲದ ಎಳೆಗಳೇ ಹೆಚ್ಚು. ತೂಕಕ್ಕೆ ಬರುತ್ತದೆ, ಬಣ್ಣಕ್ಕೆ ಬರುವುದಿಲ್ಲ, ಅದೂ ಬೇಡ. ಮೂರನೆಯದು ಕಪ್ಪಿಗೆ ತಿರುಗಿದ ಕೆಂಪು, ತುದಿ ತುತ್ತೂರಿಯ ಬಾಯಿಯಂತೆ ಅರಳಿತ್ತು, ಹಿಡಿದರೆ ಚಟ್ಟನೆ ಮುರಿಯುವಷ್ಟು ಒಣಗಿತ್ತು. ಒಂದು ಎಳೆ ನಾಲಿಗೆಯ ಮೇಲಿಟ್ಟುಕೊಂಡಳು. ಕಹಿ. ಸಿಹಿ ಹತ್ತಿದರೆ ಅದು ಪಾಕ ಕುಡಿದ ಮಾಲು.

“ಹಾಂ, ಇದು. ಇದನ್ನ ಕಟ್ರಿ,” ಎಂದಳು.

ಮನೆಗೆ ಬಂದು ಬಿಳಿ ಚಹಾ ಬಸಿಯಲ್ಲಿ ಬೆಚ್ಚನೆಯ ನೀರು ಹಾಕಿ ಒಂದು ಎಳೆ ಬಿಟ್ಟಳು. ನೀರು ಬಹಳ ಹೊತ್ತು ತಿಳಿಯಾಗಿಯೇ ಇತ್ತು. ಆಮೇಲೆ ಎಳೆಯ ಸುತ್ತ ತೆಳ್ಳಗೆ ಹೊಂಬಣ್ಣ ಹಬ್ಬಿತು. ಜೇನು ಮತ್ತು ಒಣ ಹುಲ್ಲು ಕೂಡಿದಂಥ ವಾಸನೆ ಅಡುಗೆಮನೆ ತುಂಬಿತು. ಗಂಗಾ ಬಗ್ಗಿ ಮೂಸಿ ನಕ್ಕಳು. ದೇವಕ್ಕ ಕೇಸರಿಯನ್ನು ಕಾಗದದಲ್ಲಿ ಸುತ್ತಿ ತಗ್ಗಿನ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಳು. ಬೆರಳು ತಾಗಿಸುವುದೇ ಬೇಡವೆಂದು ಸಣ್ಣ ಬೆಳ್ಳಿ ಚಮಚೆಯೊಂದನ್ನು ಬೇರೆ ಎತ್ತಿಟ್ಟಳು. ಅಷ್ಟು ಜೋಪಾನ.

ಮರುದಿನ ಬೆಳಿಗ್ಗೆ ಹಾಲು ಕಾಯಿಸಿದಳು. ಕೇಸರಿ ಹಾಕಿದಳು. ಸಕ್ಕರೆ ತೆಗೆಯಲು ಆಚೆ ತಿರುಗಿದಳು, ಈಚೆ ತಿರುಗಿದಳು. ಹಾಲು ಕೆಂಪಾಗಿತ್ತು.

ಅದೇ ಬಣ್ಣ. ಕಾಲು ಶತಮಾನ ಕನಸಿನಲ್ಲಿ ಕಂಡ ಬಣ್ಣ. ಲೋಟವನ್ನು ಬಚ್ಚಲಿಗೆ ಸುರಿದು, ‘ಹಾಲು ಒಡೆಯಿತು’ ಎಂದು ಗಂಗಾಳಿಗೆ ಸುಳ್ಳು ಹೇಳಿ, ಬಸಿಯಲ್ಲಿ ಮತ್ತೆ ಒಂದು ಎಳೆ ಬಿಟ್ಟು ನೋಡಿದಳು. ಬಂಗಾರ. ಅಂಗಡಿಯವನ ತಪ್ಪಲ್ಲ. ಹಾಗಾದರೆ ಹಾಲಿನ ತಪ್ಪೇ? ಮರುದಿನ ಹಾಲು ಬದಲಿಸಿದಳು. ಕೆಂಪು. ಪಾತ್ರೆ ಬದಲಿಸಿದಳು. ಕೆಂಪು. ನೀರಿನಲ್ಲಿ ಬಂಗಾರ ಬಿಡುವ ಕೇಸರಿ ಗಂಗಾಳ ಹಾಲಿಗೆ ಬಿದ್ದ ಕೂಡಲೇ ಇಟ್ಟಿಗೆಯಾಗುತ್ತಿತ್ತು. ದಿನಾ ಲೋಟ ಬಚ್ಚಲಿಗೆ. ದಿನಾ ಒಂದು ಹೊಸ ಸುಳ್ಳು. ಬರುಬರುತ್ತ ಅಡುಗೆಮನೆಯ ವಾಸನೆಯೂ ತಿರುಗಿತು. ಜೇನಿನ ವಾಸನೆ ಹೋಗಿ ಬಿಸಿಲಿಗೆ ಕಾದ ಮುಳ್ಳುಗಿಡದ ವಾಸನೆ ಬಂತು.

“ಏನ್ರಿ, ನಿಮಗ ಏನರ ವಾಸನಿ ಬರಾಕ ಹತ್ತೈತೇನು?” ಎಂದು ಗಂಡನನ್ನು ಕೇಳಿದಳು.

ನಿಜಗುಣಪ್ಪ ತಾಟಿನಿಂದ ತಲೆ ಎತ್ತಿ, ಗಾಳಿ ಮೂಸಿ, “ನಮ್ಮವ್ವ ಇದ್ದಾಗಿನ ವಾಸನಿ,” ಎಂದು ಮತ್ತೆ ರೊಟ್ಟಿ ಮುರಿದ. ನಾಲ್ಕೇ ಮಾತು ಆಡುವ ಗಂಡಸು ಅದರಲ್ಲಿ ಒಂದನ್ನು ಇಂಥದ್ದಕ್ಕೆ ಖರ್ಚು ಮಾಡಬೇಕೇ?

ಇನ್ನೊಂದು ಸಂಗತಿ. ದೇವಕ್ಕನ ಎಡಗೈ ಬೆರಳ ತುದಿಗಳು ಉರಿಯತೊಡಗಿದವು. ದೀಪದ ಕೆಳಗೆ ಹಿಡಿದು ನೋಡಿದರೆ ಸಣ್ಣ ಸಣ್ಣ ಚುಚ್ಚುಗಾಯ. ಸೀರೆಯ ಅಂಚಿನಲ್ಲಿ ಮುಳ್ಳಿನ ಚೂರು. ಹೊಲಕ್ಕೆ ಹೋಗಿ ಎಷ್ಟೋ ದಿನವಾಗಿತ್ತು, ಅಥವಾ ಹಾಗೆಂದು ಆಕೆ ತಿಳಿದಿದ್ದಳು. ಅವರ ಮನೆ ಊರಿನ ಅಂಚಿಗೆ, ಹಿತ್ತಲ ಬಾಗಿಲು ತೆಗೆದರೆ ಅವರದೇ ಜೋಳದ ಹೊಲ, ಹೊಲದ ಸುತ್ತ ಹೂಬಿಟ್ಟ ಕುಸುಬಿ.

ಆ ಹೊಲದಲ್ಲಿ ಮೊದಲಿನಿಂದ ದುಡಿದ ಮುದುಕಿ ಕೆಂಚವ್ವ ಒಂದು ದಿನ ಹಿತ್ತಲ ಕಟ್ಟೆಯ ಮೇಲೆ ಕೂತು, ಎಲೆ ಮಡಚುತ್ತ, ಮಳೆ ಬೆಳೆಯ ಮಾತಾಡಿದಷ್ಟೇ ಸಲೀಸಾಗಿ ಹೇಳಿದಳು.

“ಯವ್ವಾ, ನಿನ್ನಿ ಸಂಜಿಮುಂದ ಕಾಡವ್ವ ಹೊಲದಾಗ ನಿಂತಿದ್ಲು.”

“ಕೆಂಚವ್ವಾ, ನಿನಗ ಕಣ್ಣ ಕಾಣೂದಿಲ್ಲ ಬೇ.”

“ಮಾರಿ ಕಾಣಲಿಲ್ಲ, ಖರೆ. ತಲಿ ತುಂಬ ಸೆರಗ ಹೊತ್ತಿದ್ಲು. ಆದ್ರ ಕೈ ಕಂಡೆ. ಎಡಗೈಲೆ ಹೂವಾ ಕೀಳಾಕ ಹತ್ತಿದ್ಲು. ಈ ಊರಾಗ ಎಡಗೈಲೆ ಕುಸಬಿ ಕೀಳಾಕಿ ಮತ್ತ್ಯಾರ ಅದಾರ ಹೇಳು?”

ಸತ್ತವಳು ಬಂದಿದ್ದಾಳೆ, ನನ್ನ ಸೊಸೆಯ ಕೂಸನ್ನೂ ತಿನ್ನಲು ಬಂದಿದ್ದಾಳೆ ಎಂದುಕೊಂಡಳು ದೇವಕ್ಕ. ಶ್ರೀಶೈಲನಿಗೆ ಹೇಳಿದರೆ ನಗುತ್ತಾನೆ, ಗಂಗಾಳಿಗೆ ಹೇಳಿದರೆ ಹೆದರುತ್ತಾಳೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದಳು. ಬಾಗಿಲ ಮೇಲೆ ವಿಭೂತಿ ಎಳೆದಳು. ಮರುದಿನವೂ ಹಾಲು ಕೆಂಪಾಯಿತು. ಅಗಳಿ ಹಾಕಿದ್ದು ಹಾಕಿದಂತೆ ಇತ್ತು. ಕಾಡುವವಳನ್ನು ಒಳಗೇ ಇಟ್ಟುಕೊಂಡು ಬಾಗಿಲು ಹಾಕಿದ್ದಳೆಂದು ಪಾಪ ಆಕೆಗೇನು ಗೊತ್ತು?

ಕುಬಸ ಹತ್ತಿರ ಬಂತು. ಅದರ ಸಿದ್ಧತೆ ಮಾತಾಡಲು ರಾಮದುರ್ಗದಿಂದ ಬಂದಿದ್ದ ನಾದಿನಿ ಒಂದು ಬೆಳಿಗ್ಗೆ ಚಹಾ ಕುಡಿದು ಹೊರಟಳು. ದೇವಕ್ಕ ಆಕೆಯನ್ನು ಬಾಗಿಲವರೆಗೆ ಕಳಿಸಿ, ನಾಲ್ಕು ಮಾತಾಡಿ, ಒಳಗೆ ಬಂದಳು. ಗಂಗಾ ಒಲೆಯ ಪಕ್ಕ ನಿಂತಿದ್ದಳು. ಕೈಯಲ್ಲಿ ಲೋಟ. ಲೋಟ ಅರ್ಧ ಖಾಲಿಯಾಗಿತ್ತು. ತುಟಿಯ ಮೇಲೆ ಕೆಂಪು ಹಾಲಿನ ಗೆರೆ.

“ಅಯ್ಯ ಶಿವನೇ!” ದೇವಕ್ಕ ಹಾರಿ ಬಂದು ಲೋಟವನ್ನು ಹೊಡೆದು ಕೆಡವಿದಳು. ಹಾಲು ನೆಲದ ಮೇಲೆ ಹರಿಯಿತು. “ಯಾರ ಕೊಟ್ರು? ಯಾರ ಕೊಟ್ರ ನಿನಗ ಇದನ್ನ?”

ಗಂಗಾ ಗೋಡೆಗೆ ಒತ್ತಿ ನಿಂತಳು. ಆದರೂ ಹೇಳಿದಳು.

“ಅತ್ತಿ, ಸಿಟ್ಟಾಗಬ್ಯಾಡ್ರಿ. ನೀವs ಕೊಟ್ರಿ.”

“ನಾನು?”

“ಈಗಿನ್ನ, ಬಾಗಲಕ್ಕ ಹೋಗೂಕಿಂತ ಮೊದಲ. ‘ಕುಡಿ, ಸೊಸೀಗೆ ಇದs’ ಅಂದ್ರಿ. ದನಿ ನಿಮ್ಮದಿರಲಿಲ್ಲ. ಒಲ್ಲೆ ಅನ್ನಾಕ ನನಗ ಧೈರ್ಯ ಆಗಲಿಲ್ರಿ.” ಗಂಗಾಳ ಕಣ್ಣಿನಿಂದ ನೀರು ಇಳಿಯಿತು. “ದಿನಾ ನೋಡೀನಿ. ಹಾಲಿಗೆ ಹಾಕೂ ಹೊತ್ತಿನ್ಯಾಗ ಬೆಳ್ಳಿ ಚಮಚಾ ಬಾಜೂ ಇಡ್ತೀರಿ. ಎಡಗೈಲೆ ಆ ನುಣುಪ ಡಬ್ಬಿ ತಗೀತೀರಿ. ಹಾಕೀದ ಮ್ಯಾಲೆ ನೀವs ಬೆಚ್ಚಿ ಬಿದ್ದು ಚೆಲ್ತೀರಿ. ಸಂಕ್ರಾಂತಿಕಿಂತ ಮೊದಲಿಂದ ಹೂವಾ ತಂದು ಅಟ್ಟದ ಮ್ಯಾಲೆ ಒಣಗಸಾಕ ಹತ್ತೀರಿ. ಹೇಳಿದ್ರ ಏನಕ್ಕೈತೋ ಅಂತ ಬಾಯಿ ಮುಚಗೊಂಡಿದ್ದೆ.”

ದೇವಕ್ಕ ಗೂಡಿಗೆ ಕೈ ಹಾಕಿ ನುಣುಪು ಡಬ್ಬಿ ತೆಗೆದಳು. ವರ್ಷಗಟ್ಟಲೆ ಖಾಲಿ ಇದ್ದ ಡಬ್ಬಿ ತೂಕವಾಗಿತ್ತು. ಮುಚ್ಚಳ ತಿರುಗಿಸಿದರೆ ಒಳಗೆ ಬಾಯಿಮಟ ಕುಸುಬಿ. ತಾನು ಡಬ್ಬಿಯನ್ನು ಯಾವ ಕೈಯಿಂದ ಹಿಡಿದಿದ್ದೇನೆ ಎಂದು ಆಮೇಲೆ ನೋಡಿಕೊಂಡಳು. ಎಡಗೈ. ಆ ಕೈಯನ್ನು ಕತ್ತರಿಸಿ ಒಗೆಯಬೇಕು ಅನಿಸಿತು. ಅಲ್ಲಿಯೇ ಚೆಲ್ಲಿದ ಹಾಲಿನಲ್ಲಿ ಕುಸಿದು ಕೂತು ಅತ್ತಳು.

ಅವತ್ತೇ ಗಂಗಾಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಹೊಟ್ಟೆ ಮುಟ್ಟಿ, ಬಡಿತ ಕೇಳಿ, ಕೂಸು ಗಟ್ಟಿ ಇದೆ, ಏನೂ ಆಗಿಲ್ಲ ಎಂದರು ಅವರು. ಗಂಗಾಳ ಮುಖಕ್ಕೆ ಜೀವ ಬಂತು. ದೇವಕ್ಕನಿಗೆ ಬರಲಿಲ್ಲ. ಕುಸುಬಿ ಒಂದು ಲೋಟಕ್ಕೆ ಏನೂ ಮಾಡಲಿಕ್ಕಿಲ್ಲ. ಆದರೆ ಕೊಡುವ ಕೈ ತನ್ನ ಹೆಗಲಿಗೇ ಅಂಟಿಕೊಂಡಿದೆಯಲ್ಲ, ಅದನ್ನು ಎಲ್ಲಿ ಬಚ್ಚಿಡುವುದು? ನುಣುಪು ಡಬ್ಬಿಯನ್ನು ಶ್ರೀಶೈಲನ ಕೈಯಲ್ಲಿ ಕೊಟ್ಟು ಹಾಳುಬಾವಿಗೆ ಒಗೆಸಿದಳು. ಅಟ್ಟದ ಮೇಲಿನ ಎಸಳನ್ನು ಸುಟ್ಟಳು. ಎಡಗೈಗೆ ಬಟ್ಟೆ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದಳು. ಕೇಳಿದವರಿಗೆ ಉಳುಕಿದೆ ಎಂದಳು. ಆದರೂ ಸಂಜೆಯಾದರೆ ಕಾಲು ತಾವಾಗಿಯೇ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದವು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎನ್ನುತ್ತಾರೆ. ಸತ್ತ ಮೇಲೂ ಅತ್ತೆಯ ಕಾಲ ಮುಗಿಯದಿದ್ದರೆ ಸೊಸೆ ಏನು ಮಾಡಬೇಕು?

ಕಡೆಗೆ ಕೆಂಚವ್ವನ ಮನೆಗೆ ಹೋದಳು.

“ಕೆಂಚವ್ವಾ, ಆಕೀಗೆ ಏನ ಬೇಕು? ಹೇಳ ಬೇ. ನನ್ನ ಜೀವಾ ಬೇಕಂದ್ರ ಕೊಡ್ತೇನಿ. ಆ ಕೂಸ ಬಿಡಲಿ.”

ಮುದುಕಿ ಆಕೆಯ ಕಟ್ಟಿದ ಕೈ ನೋಡಿದಳು. ಎಲ್ಲ ತಿಳಿಯಿತೋ ಏನೋ, ಬಾಯಿಯ ಎಲೆ ಉಗುಳಿ ಹೇಳಿದಳು.

“ನಾ ಆಗ ಸಣ್ಣಾಕಿ. ಕಾಡವ್ವ ಹೊಸ ಸೊಸಿಯಾಗಿ ನಡಿಯಾಕ ಬಂದಿದ್ಲು. ಆಕಿ ಅತ್ತಿ ಅಂದ್ರ ಹುಲಿ. ಕಾಡವ್ವಗೂ ಕುಸಬೀನs ಕುಡಿಸಿದ್ಲು. ಒಂದ ಕೂಸ ಹೋತು, ಮತ್ತೊಂದ ಹೋತು. ಎಡಗೈ ಅಪಶಕುನ, ಅದಕ್ಕs ಕೂಸ ನಿಲ್ಲವಲ್ದು ಅಂತ ಆ ಕೈ ಮ್ಯಾಲೆ ಬರಿ ಹಾಕಿದ್ಲು. ಕಾಡವ್ವ ನಿನ್ನ ಗಂಡನ್ನ ಹಡದು, ಮಗಳನ್ನ ಹಡದು, ಡಬ್ಬಿ ಕೈಗೆ ಬರೂ ಹೊತ್ತಿಗೆ ಹಲ್ಲ ಬಿದ್ದಿದ್ದೂವು. ಮಗಳಿಗೆ ಕೊಟ್ಲು. ತಾನು ಒಂದ ದಿನಾನೂ ಕುಡಿಲಿಲ್ಲ ಯವ್ವಾ. ‘ನನಗ ಯಾರರ ಕೊಟ್ರ ಕುಡಿತೇನಿ, ನಾನs ಹಾಕ್ಕೊಂಡ ಕುಡಿಯಾಕ ನನಗೇನ ಗತಿಗೇಡ?’ ಅಂತಿದ್ಲು. ಯಾರೂ ಕೊಡಲಿಲ್ಲ.”

ದೇವಕ್ಕ ಮನೆಯವರೆಗೆ ನಡೆದು ಬಂದದ್ದೇ ಗೊತ್ತಾಗಲಿಲ್ಲ. ಅತ್ತೆಯ ಕೈಯ ಮೇಲಿನ ಬರೆಯನ್ನು ಆಕೆ ಎಷ್ಟು ಸಲ ನೋಡಿದ್ದಳು! ಒಲೆ ತಾಗಿದ್ದು ಎಂದುಕೊಂಡಿದ್ದಳು. ಆ ಹೆಂಗಸಿನ ಮೇಲೆ ಇದ್ದ ಸಿಟ್ಟೆಲ್ಲ ಹೋಯಿತು ಎಂದು ನಾನು ಹೇಳುವುದಿಲ್ಲ. ಅಂಥ ಸಿಟ್ಟು ಹೋಗುವುದಿಲ್ಲ, ಹೋಗಲೂಬಾರದು. ಸಿಟ್ಟಿನ ಪಕ್ಕದಲ್ಲಿ ಕರುಳು ಚುರ್ ಎಂದಿತು, ಅಷ್ಟೇ.

ಕುಬಸದ ದಿನ ಬೆಳಿಗ್ಗೆ, ಬಂಧುಗಳು ಇನ್ನೂ ಪಡಸಾಲೆಯಲ್ಲಿ ಸೇರುತ್ತಿದ್ದಾಗ, ದೇವಕ್ಕ ಗಂಗಾಳನ್ನು ಅಡುಗೆಮನೆಗೆ ಕರೆದಳು. ಎಡಗೈಯ ಬಟ್ಟೆ ಬಿಚ್ಚಿದಳು. ಗೂಡಿನಿಂದ ತಗ್ಗಿನ ಡಬ್ಬಿ ತೆಗೆದಳು.

“ಗಂಗಾ, ಇದನ್ನ ಹಿಡಿ. ಇನ್ನ ಮ್ಯಾಲೆ ಇದು ನಿಂದು.”

ಗಂಗಾ ಬೆಚ್ಚಿದಳು. ಮನೆಯ ನಂಬಿಕೆ ಆಕೆಗೂ ಗೊತ್ತಿತ್ತು. “ಬ್ಯಾಡ್ರಿ ಅತ್ತಿ. ನೀವು ಇರಬೇಕ್ರಿ. ನಿಮಗೇನರ ಆದ್ರ?”

“ಆದ್ರ ಆಗಲಿ. ನನ್ನ ಕೈಯಾಗ ಇದ್ರ ನಿನಗ ಆಗತೈತಿ. ಹಿಡಿ ನನ್ನವ್ವಾ.”

ದೇವಕ್ಕ ಕೈ ಚಾಚಿದಳು. ಕೈ ಚಾಚಿತು, ಮುಷ್ಟಿ ಬಿಚ್ಚಲಿಲ್ಲ. ಬಿಡಬೇಕೆಂದು ಆಕೆ ಹಲ್ಲು ಕಚ್ಚಿದಳು. ಬೆರಳು ಇನ್ನೂ ಬಿಗಿಯಾದವು. ಗೆಣ್ಣುಗಳು ಬೆಳ್ಳಗಾದವು. ಗಂಗಾ ಒಂದು ಬೆರಳು ಬಿಚ್ಚಿದಳು, ಅದು ಮತ್ತೆ ಮಡಚಿಕೊಂಡಿತು. ಇನ್ನೊಂದು ಬಿಚ್ಚಿದಳು, ಅದೂ ಮಡಚಿಕೊಂಡಿತು. ಇಬ್ಬರ ಮುಖದ ಮೇಲೂ ಬೆವರು. ಅಷ್ಟರಲ್ಲಿ ಗಂಗಾ ಬಿಚ್ಚುವುದನ್ನು ನಿಲ್ಲಿಸಿ, ಆ ಮುಷ್ಟಿಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು, ದೇವಕ್ಕನ ಮುಖವನ್ನಲ್ಲ, ಕೈಯನ್ನು ನೋಡುತ್ತ ಮಾತಾಡಿದಳು. ಯಾರು ಹೇಳಿಕೊಟ್ಟರೋ ಆ ಹುಡುಗಿಗೆ! ದೇವಕ್ಕ ಕೆಂಚವ್ವನ ಮಾತನ್ನು ಆಕೆಗೆ ಹೇಳಿರಲಿಲ್ಲ.

“ಕಾಡವ್ವಾಯೀ, ಕೊಡ್ರಿ. ಮೊದಲನೇ ಲೋಟ ನಿಮಗs ಮಾಡಿ ಕೊಡ್ತೇನಿ.”

ಬೆರಳು ಸಡಿಲಾದವು. ಡಬ್ಬಿ ಗಂಗಾಳ ಕೈಗೆ ಬಿತ್ತು.

ಗಂಗಾ ಕೈ ಒರೆಸಿಕೊಂಡು, ಎಳೆಗಳನ್ನು ಎಣಿಸದೆ ಒಂದು ಚಿಟಿಕೆ ತೆಗೆದು, ಬಿಸಿ ಬಾಣಲೆಯ ಮೇಲೆ ಒಂದು ಉಸಿರಿನಷ್ಟು ಹೊತ್ತು ಬೆಚ್ಚಗೆ ಮಾಡಿ, ಸಕ್ಕರೆಯ ಜೊತೆ ಸಣ್ಣ ಕಲ್ಲಿನಲ್ಲಿ ಅರೆದು, ಬೆಚ್ಚನೆಯ ಹಾಲಿನಲ್ಲಿ ನೆನೆಹಾಕಿದಳು. ಇಬ್ಬರೂ ಉಸಿರು ಹಿಡಿದು ನೋಡಿದರು. ಹಾಲು ಬೆಳ್ಳಗೇ ಇತ್ತು. ಆಮೇಲೆ ನಿಧಾನಕ್ಕೆ, ಅವಸರವೇ ಇಲ್ಲದೆ, ಬಂಗಾರವಾಯಿತು. ಮೂರು ಲೋಟಕ್ಕೆ ಬಗ್ಗಿಸಿದಳು. ಮೊದಲನೆಯದನ್ನು ಒಳಕಲ್ಲಿನ ಪಕ್ಕ, ಕಾಡವ್ವನ ಜಾಗದಲ್ಲಿ ಇಟ್ಟಳು. ಎರಡನೆಯದನ್ನು ಅತ್ತೆಯ ಕೈಗೆ ಕೊಟ್ಟಳು.

“ನನಗ್ಯಾಕ ಯವ್ವಾ? ನಾ ಏನ ಬಸರೇನ?”

“ಆಗ ಕುಡಿಬೇಕಾಗಿತ್ತಲ್ರಿ. ಈಗ ಕುಡೀರಿ.”

ಉಗರಗೋಳದ ಆ ಬಣ್ಣದ ಹುಡುಗಿ, ಎಷ್ಟೋ ಮದುವೆಯ ಶಿರಾಕ್ಕೆ, ಶ್ರೀಖಂಡಕ್ಕೆ ಕೇಸರಿ ನೋಡಿ ಕೊಟ್ಟವಳು, ತನಗೆಂದು ಯಾರೋ ಮಾಡಿದ ಕೇಸರಿ ಹಾಲನ್ನು ಕುಡಿದದ್ದು ಅವತ್ತೇ ಮೊದಲು. ಮೊದಲು ತುಸು ಕಹಿ, ಹಿಂದಿನಿಂದ ಜೇನು. ಕುಡಿಯುತ್ತ ಕುಡಿಯುತ್ತ ಅಳು ಬಂತು. ಗಂಗಾಳೂ ತನ್ನ ಲೋಟ ಮುಗಿಸಿದಳು. ಪಡಸಾಲೆಯಿಂದ ಹೆಂಗಸರು ಕರೆದರು, ಇಬ್ಬರೂ ಕಣ್ಣೊರೆಸಿಕೊಂಡು ಹೋದರು.

ಕುಬಸ ಮುಗಿದು ಒಳಗೆ ಬಂದಾಗ ಒಳಕಲ್ಲಿನ ಪಕ್ಕದ ಲೋಟ ಖಾಲಿಯಾಗಿತ್ತು. ಬೆಕ್ಕು ಕುಡಿದಿರಬೇಕು ಎಂದ ಶ್ರೀಶೈಲ. ಕುಡಿದಿರಬಹುದು. ಆದರೆ ಕುಡಿದ ಲೋಟವನ್ನು ಬೋರಲು ಹಾಕುವ ಬೆಕ್ಕನ್ನು ನಾನಂತೂ ಕಂಡಿಲ್ಲ.

ಗಂಗಾ ಗಂಡು ಹೆತ್ತಳು. ಕೇಸರಿ ಕುಡಿದರೂ ಎರೆಮಣ್ಣಿನಷ್ಟು ಕಪ್ಪು ಕೂಸು, ಊರವರು ನಕ್ಕರು, ದೇವಕ್ಕನೂ ನಕ್ಕಳು. ಡಬ್ಬಿ ಕೊಟ್ಟದ್ದಕ್ಕೆ ಆಕೆಗೆ ಏನೂ ಆಗಲಿಲ್ಲ. ಈಗ ಮೊಮ್ಮಗ ಸಾಲೆಗೆ ಹೋಗುತ್ತಾನೆ, ಆಕೆ ಗಟ್ಟಿಮುಟ್ಟಾಗಿದ್ದಾಳೆ. ಗೂಡಿನ ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ. ಹಬ್ಬಕ್ಕೆ ಶಿರಾ ಮಾಡುವಾಗ ಕೈ ಚಾಚಿ, “ನಾಕ ಎಳಿ ಕೊಡ ಯವ್ವಾ,” ಎಂದು ಸೊಸೆಯನ್ನು ಕೇಳುತ್ತಾಳೆ.

ಒಮ್ಮೊಮ್ಮೆ ಚಾಚಿದ್ದು ಎಡಗೈಯಾಗಿರುತ್ತದೆ. ಆಕೆಗೆ ಗೊತ್ತಾಗುವುದಿಲ್ಲ. ಗಂಗಾಳಿಗೆ ಗೊತ್ತಾಗುತ್ತದೆ. ಆ ಕೈಯ ಮೇಲೆ ಮೊದಲು ಕಾಡವ್ವನ ಪಾಲಿನ ಎರಡು ಎಳೆ ಇಡುತ್ತಾಳೆ. ಆ ಕೈ ಬಾಯಿಗೆ ಹೋಗಿ ಕೆಳಗಿಳಿಯುವ ತನಕ ಕಾದು, ಆಮೇಲೆ ಅತ್ತೆಯ ಬಲಗೈ ಹಿಡಿದು ಶಿರಾಕ್ಕೆ ಬೇಕಾದ ಎಳೆಗಳನ್ನು ಕೊಡುತ್ತಾಳೆ.